ಪುಟ್ಟತಾಯಿ ಎಂಬ ಕುರಿಗೆ ನಾನು ಸೋದರತ್ತೆಯಾದದ್ದು

ಈ ಭಾನುವಾರ ಶರ್ಮಿಳಾಳ ಬೀಳ್ಕೊಡುಗೆ. ಅವಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು ಓದಬೇಕೆಂದು ನಮ್ಮ ಬಳಗದವರು ನನಗೇ ಹೇಳಿದ್ದಾರೆ. ‘ವನಜಕ್ಕ, ಹಿರಿಯರು ನೀವು, ನೀವು ಬರೆದ್ರೇನೇ ಚೆಂದ’ ಎಂದರು. ಹಿರಿಯರಂತೆ! ಐವತ್ತಾರಕ್ಕೇ ನನ್ನನ್ನು ಅಟ್ಟಕ್ಕೆ ಏರಿಸಿಬಿಟ್ಟರು. ಹೋದ ವಾರ ಕೂತು ಒಂದು ಪುಟ ಬರೆದೂ ಇಟ್ಟಿದ್ದೆ. ಸರಳ ಸಜ್ಜನಿಕೆ, ಕೋಗಿಲೆ ಕಂಠ, ಎಲೆಮರೆಯ ಕಾಯಿ ಎಲ್ಲವೂ ಅದರಲ್ಲಿತ್ತು. ನಿನ್ನೆ ಅದನ್ನು ಹರಿದು ಹಾಕಿದೆ. ಈ ಸಲ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆ ನನಗೂ ಗೊತ್ತು. ಒದೆಯಲಿ.

ಮೊದಲನೆಯದಾಗಿ, ಶರ್ಮಿಳಾಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಐರ್ಲೆಂಡಿನ ಡಬ್ಲಿನ್ ಅಂಚಿನಲ್ಲಿರುವ ಈ ಕ್ಲಾಂಡಾಲ್ಕಿನ್‌ನಲ್ಲಿ ‘ಬೀಸುಕಲ್ಲು ಜಾನಪದ ಬಳಗ’ ಶುರು ಮಾಡಿದವಳು ನಾನು. ಹನ್ನೊಂದು ವರ್ಷದ ಹಿಂದೆ ನಮ್ಮ ಮನೆಯ ಹಾಲ್‌ನಲ್ಲಿ ನಾನು, ನಮ್ಮ ಯಜಮಾನರು ಚಂದ್ರಶೇಖರ, ಹಿಂದಿನ ರಸ್ತೆಯ ದಿಲೀಪ, ಮೂವರೇ ಕೂತು ಹಾಡಿದ್ದು. ಚಂದ್ರಶೇಖರರಿಗೆ ತಾಳ ಬರುವುದಿಲ್ಲ, ದಿಲೀಪನಿಗೆ ಶ್ರುತಿ ಬರುವುದಿಲ್ಲ. ಆದರೂ ಬಿಡಲಿಲ್ಲ. ವಾರವೆಲ್ಲ ಇಂಡಸ್ಟ್ರಿಯಲ್ ಎಸ್ಟೇಟಿನ ಆಫೀಸಿನಲ್ಲಿ ಪೇರೋಲ್ ಕೆಲಸ ಮಾಡಿ, ಶನಿವಾರ ಅಡುಗೆ ಮಾಡಿ, ಭಾನುವಾರ ಕಮ್ಯೂನಿಟಿ ಹಾಲ್‌ನ ಬೀಗ ತೆಗೆದು, ಕುರ್ಚಿ ಜೋಡಿಸಿ, ಹೀಟಿಂಗ್ ಹಾಕಿ, ಜನ ಬರುತ್ತಾರೋ ಇಲ್ಲವೋ ಎಂದು ಬಾಗಿಲು ನೋಡುತ್ತಾ ಕೂತವಳು ನಾನು. ಬಳಗಕ್ಕೆ ಹೆಸರು ಇಟ್ಟವಳೂ ನಾನೇ. ನಮ್ಮಜ್ಜಿ ಪುಟ್ಟತಾಯಿ ಮೈಸೂರಿನ ಕೆ.ಆರ್. ಮೊಹಲ್ಲಾದ ಬಾಡಿಗೆ ಮನೆಯಲ್ಲಿ ರಾಗಿ ಬೀಸುತ್ತಾ ಹಾಡುತ್ತಿದ್ದ ಪದಗಳೇ ನಮ್ಮ ಮೊದಲ ಬಂಡವಾಳ. ಅಜ್ಜಿಗೆ ಓದು ಬರಹ ಇರಲಿಲ್ಲ, ಅವಳದೊಂದು ಫೋಟೋ ಕೂಡ ಇಲ್ಲ. ನನ್ನ ತಮ್ಮನ ಮಕ್ಕಳಿಗೆ ಅವಳ ಹೆಸರೇ ಗೊತ್ತಿಲ್ಲ, ನನಗೆ ಮಕ್ಕಳಿಲ್ಲ. ನಾನು ಹೋದ ಮೇಲೆ ಆ ಹೆಸರನ್ನು ಬಾಯಿತುಂಬ ಕರೆಯುವವರು ಯಾರೂ ಇರುವುದಿಲ್ಲ. ಇದು ನೆನಪಿರಲಿ, ಮುಂದಿನ ನನ್ನ ಅವಾಂತರಕ್ಕೆಲ್ಲ ಇದೇ ಮೂಲ.

ಶರ್ಮಿಳಾ ಬಂದದ್ದು ಕಳೆದ ಜುಲೈನಲ್ಲಿ. ಇಲ್ಲಿ ಟ್ರೈನಿಂಗಿನಲ್ಲಿರುವ ಡಾಕ್ಟರುಗಳಿಗೆ ಜುಲೈ ಬಂತೆಂದರೆ ಆಸ್ಪತ್ರೆ ಬದಲು. ಅವಳನ್ನು ಕಾರ್ಕ್‌ನಿಂದ ಡಬ್ಲಿನ್‌ಗೆ ಹಾಕಿದ್ದರು. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು. ವಯಸ್ಸು ಮೂವತ್ತಾರು, ಊರು ನವಲಗುಂದ, ತಂದೆ ಬಸ್ ಕಂಡಕ್ಟರ್. ಚಿಕ್ಕವಳಿದ್ದಾಗ ರಜೆ ಪೂರ್ತಿ ಅಪ್ಪನ ಬಸ್ಸಿನಲ್ಲೇ ಕೂತು ಸುತ್ತುತ್ತಿದ್ದಳಂತೆ. ಮೆಣಸಿನಕಾಯಿ ಬಿಡಿಸಲು ಹೋಗುವ ಕೂಲಿ ಹೆಂಗಸರು ಹಿಂದಿನ ಸೀಟುಗಳಲ್ಲಿ ಹಾಡುತ್ತಿದ್ದರಂತೆ, ಇವಳು ಅವರ ನಡುವೆ ತೂರಿ ಕೂತು ಕಲಿತಳಂತೆ. ಗುರುವಿಲ್ಲ, ಪುಸ್ತಕವಿಲ್ಲ, ಟಿಕೆಟ್ಟೂ ಇಲ್ಲ.

ಮೊದಲ ದಿನ ಡ್ಯೂಟಿ ಮುಗಿಸಿ ನೇರ ಹಾಲ್‌ಗೆ ಬಂದಿದ್ದಳು. ಕಾಲಲ್ಲಿ ಆಸ್ಪತ್ರೆಯ ರಬ್ಬರ್ ಚಪ್ಪಲಿ, ಕಣ್ಣ ಕೆಳಗೆ ಕಪ್ಪು.

‘ನಮಸ್ಕಾರ್ರೀ ಅಕ್ಕಾರ. ನಾನೂ ಹಾಡಬಹುದೇನ್ರಿ?’ ಎಂದಳು.

‘ಅಯ್ಯೋ ಬಾಮ್ಮ, ಹಿಂದೆ ನಿಂತ್ಕೊಂಡು ಸೊಲ್ಲು ಹಿಡಿ ಸಾಕು’ ಎಂದೆ ನಾನು, ದೊಡ್ಡ ಮನಸ್ಸಿನವಳ ಹಾಗೆ.

ಹಿಂದೆಯೇ ನಿಂತಳು. ಆದರೆ ಬಾಯಿ ತೆಗೆದಳು ನೋಡಿ, ಮುಂದಿದ್ದವರೆಲ್ಲ ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿದರು. ನಾನು ಮಾತ್ರ ತಿರುಗಲಿಲ್ಲ. ಮೈಕು ಹಿಡಿದು ಗೋಡೆ ನೋಡುತ್ತಾ ಹಾಡಿ ಮುಗಿಸಿದೆ. ಮನೆಗೆ ಹೋಗುವಾಗ ಕಾರಿನಲ್ಲಿ ಚಂದ್ರಶೇಖರ ಎರಡು ಸಿಗ್ನಲ್ ತನಕ ತಮಗೆ ಬಾರದ ತಾಳವನ್ನು ಸ್ಟಿಯರಿಂಗ್ ಮೇಲೆ ತಟ್ಟಿದರು. ಮೂರನೆಯದರಲ್ಲಿ ತಡೆಯಲಾಗಲಿಲ್ಲ.

‘ಏನ್ ಕಂಠ ಕಣೇ ಆ ಹುಡುಗೀದು!’

‘ಸಿಗ್ನಲ್ ಬಿಟ್ಟಿದೆ, ನಡೀರಿ’ ಎಂದೆ.

ಆಮೇಲೆ ಒಂದೊಂದೇ ಕೈಬಿಟ್ಟು ಹೋಯಿತು. ಅಕ್ಟೋಬರ್‌ಗೆ ಮುಂದಾಳು ಹಾಡು ಅವಳದಾಯಿತು. ದೀಪಾವಳಿಗೆ ಅವಳು ಜೋಳದ ರೊಟ್ಟಿ, ಎಣ್ಣೆಗಾಯಿ ತಂದಳು. ನನ್ನ ಬಿಸಿಬೇಳೆಬಾತು ತಂದ ಹಾಗೇ ವಾಪಸ್ ಬಂತು, ಮೂರು ದಿನ ನಾವಿಬ್ಬರೇ ತಿಂದೆವು. ಡೊಳ್ಳು ಹೆಗಲಿಗೆ ಹಾಕಿಕೊಂಡು ಅವಳು ಕುಣಿದಾಗ ದಿಲೀಪ ಕಣ್ಣೊರೆಸಿಕೊಂಡ. ಇಷ್ಟೆಲ್ಲ ನುಂಗಿಕೊಂಡೆ. ನುಂಗಲಾರದ್ದು ಅನನ್ಯಾಳ ವಿಷಯ. ದಿಲೀಪನ ಮಗಳು, ಹನ್ನೊಂದು ವರ್ಷ, ಇಲ್ಲೇ ಹುಟ್ಟಿದವಳು. ಐದು ವರ್ಷದಿಂದ ನಾನು ಅವಳ ಹಿಂದೆ ಬಿದ್ದು ‘ಬಾ ಪುಟ್ಟಿ, ಒಂದು ಪದ ಹೇಳ್ಕೊಡ್ತೀನಿ’ ಎಂದರೆ ‘ಐ ಆ್ಯಮ್ ಗ್ರ್ಯಾಂಡ್, ಆಂಟಿ’, ಅಂದರೆ ಇಲ್ಲಿಯವರ ಮಾತಿನಲ್ಲಿ ಬೇಡ, ಎಂದು ಫೋನಿಗೆ ಮುಖ ಹುದುಗಿಸುತ್ತಿದ್ದಳು. ಅವಳು ಡಿಸೆಂಬರ್‌ನಲ್ಲಿ ಶರ್ಮಿಳಾಳ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕನ್ನಡದಲ್ಲಿ ಹಾಡುತ್ತಿದ್ದಳು! ನಾನು ಟಾಯ್ಲೆಟ್ಟಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಫೆಬ್ರವರಿಯಲ್ಲಿ ಪೆರೇಡಿನ ವಿಷಯ ಬಂತು. ಸೇಂಟ್ ಪ್ಯಾಟ್ರಿಕ್ ಹಬ್ಬದ ಮೆರವಣಿಗೆಯಲ್ಲಿ ನಮ್ಮ ಬಳಗಕ್ಕೂ ಜಾಗ ಸಿಕ್ಕಿತ್ತು. ಪ್ರತಿ ತಂಡದ ಮುಂದೆಯೂ ಒಂದು ಮ್ಯಾಸ್ಕಾಟ್, ಅಂದರೆ ತಂಡದ ಗುರುತಿನ ಗೊಂಬೆ, ಇದ್ದರೆ ಚೆನ್ನ ಎಂದು ಸಂಘಟಕರು ಬರೆದಿದ್ದರು. ಕುರಿ ಮಾಡೋಣ ಎಂದು ಎಲ್ಲರೂ ಒಪ್ಪಿದರು. ಡೊಳ್ಳು ನಮ್ಮಲ್ಲಿ ಕುರಿ ಕಾಯುವವರ ವಾದ್ಯ, ಐರ್ಲೆಂಡಿನಲ್ಲಂತೂ ಎಲ್ಲಿ ನೋಡಿದರೂ ಕುರಿ. ಮಾಡುವವರು ಯಾರು? ಇನ್ಯಾರು, ಅವಳೇ.

‘ಎಲ್ಲಾರೂ ಮನ್ಯಾಗಿಂದ ಒಂದೊಂದ್ ಹಳೀ ಅರಿವಿ ತುಂಡು ಕೊಡ್ರಿ. ಕೌದಿ ಹೊಲಿದಂಗ ಹೊಲಿತೀನಿ’ ಎಂದಳು. ಕೌದಿ ಎಂದರೆ ಹಳೆಯ ಸೀರೆ, ಪಂಚೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಅವರ ಕಡೆಯ ಹೊದಿಕೆ. ಜನ ಮದುವೆ ಸೀರೆಯ ಸೆರಗು, ಮಗುವಿನ ಮೊದಲ ಅಂಗಿ ಎಂದು ಜೋಪಾನವಾಗಿ ತಂದುಕೊಟ್ಟರು. ನಾನು ಅಡುಗೆಮನೆಯಲ್ಲಿ ಕೈ ಒರೆಸುವ ಬಟ್ಟೆ ಕೊಟ್ಟೆ. ಅರಿಶಿನದ ಕಲೆ ಸಮೇತ. ಅದನ್ನು ಅವಳು ಎಡಗಿವಿಗೆ ಹಾಕಿ ಹೊಲಿದಳು. ಬೇಕೆಂದೇ ಎಲ್ಲರಿಗೂ ಕಾಣುವಲ್ಲಿ ಹಾಕಿ ನನ್ನ ಮಾನ ಕಳೆದಳು ಎಂದು ಆ ರಾತ್ರಿ ಊಟ ಬಿಟ್ಟೆ.

ಇನ್ನು ಉಳಿದದ್ದು ಹೆಸರು. ಹೆಸರಾದರೂ ನನ್ನದೇ ಇರಲಿ ಎಂದು ಹಟ ಹಿಡಿಯಿತು ಮನಸ್ಸು. ಪುಟ್ಟತಾಯಿ! ಬೀದಿಯಲ್ಲಿ ಮಕ್ಕಳು ಆ ಹೆಸರು ಕೂಗುತ್ತಾ ನಡೆದರೆ ಅಜ್ಜಿ ಇನ್ನೊಂದು ಐವತ್ತು ವರ್ಷ ಉಳಿಯುತ್ತಾಳೆ. ಮೀಟಿಂಗಿನಲ್ಲಿ ಅಜ್ಜಿಯ ಕತೆಯನ್ನೆಲ್ಲ ಹೇಳಿದೆ. ಯಾರೂ ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲಿಲ್ಲ. ಮಕ್ಕಳು ‘ಶಾನಪ್ಪ’ ಎಂದು ಕಿರುಚಿದರು, ಅರ್ಧ ಐರಿಷ್ ಹೆಸರು, ಅರ್ಧ ನಮ್ಮದು. ಆಗ ಶರ್ಮಿಳಾ ಹಾಗೇ ಮಾತಿಗೆ, ತಮ್ಮ ಓಣಿಯಲ್ಲಿದ್ದ ಒಂದು ಕುರಿಯ ಹೆಸರು ಬಾಳವ್ವ ಎಂದಳು. ‘ಬಾಳವ್ವ! ಎಷ್ಟ್ ಚೆನ್ನಾಗಿದೆ!’ ಎಂದು ಇಡೀ ಹಾಲ್ ಎದ್ದಿತು. ನಮ್ಮ ಯಜಮಾನರ ಧ್ವನಿಯೇ ಎಲ್ಲಕ್ಕಿಂತ ಮುಂದಿತ್ತು.

ಕೊನೆಗೆ ಒಂದು ತೀರ್ಮಾನವಾಯಿತು. ಇಪ್ಪತ್ತೊಂದು ಜನ, ಇಪ್ಪತ್ತೊಂದು ಚೀಟಿ. ಬರೆದು ಡಬ್ಬಿಗೆ ಹಾಕುವುದು. ಅಕ್ಕಿ ತುಂಬಿದ ತಟ್ಟೆಯ ಮೇಲೆ ಚೀಟಿ ಹರಡಿ ಅನನ್ಯಾಳ ಕೈಯಿಂದ ಒಂದನ್ನು ಎತ್ತಿಸುವುದು. ಬಂದದ್ದು ದೇವರಿಚ್ಛೆ.

‘ಚೀಟಿ ಎತ್ತಿದ್ರ ಮುಗೀತೇನ್ರಿ?’ ಎಂದಳು ಶರ್ಮಿಳಾ. ‘ಕೂಸಿಗೆ ಹೆಸರಿಡೂದಂದ್ರ ತೊಟ್ಲಾಗ ಹಾಕಬೇಕು, ಸೋದರತ್ತಿ ಕಿವ್ಯಾಗ ಕುರ್ರ್ ಅಂತ ಹೆಸರು ಹೇಳಬೇಕು, ಗುಗ್ಗರಿ ಹಂಚಬೇಕು. ಅತ್ತಿ ಯಾರಾಗ್ತೀರಿ?’

‘ನಾನೇ!’ ಎಂದೆ, ಅವಳ ಬಾಯಿ ಮುಚ್ಚುವ ಮೊದಲೇ.

‘ಅಕ್ಕಾರ, ಒಂದ್ ಮಾತ್ ಕೇಳ್ರಿ, ನಮ್ಮ ಕಡೆ ಅತ್ತಿ ಆಗೂದಂದ್ರ...’

‘ಗೊತ್ತಮ್ಮಾ ನಂಗೆ. ನಾನೇನು ಒಂದು ನಾಮಕರಣಾನೂ ನೋಡಿಲ್ವಾ?’

ಅವಳು ದಿಲೀಪನ ಮುಖ ನೋಡಿದಳು. ಅವನು ತುಟಿ ಕಚ್ಚಿ ನಗು ತಡೆದುಕೊಂಡ. ನನಗೆ ಅದರ ಅರ್ಥ ಆಗಲಿಲ್ಲ, ಆಗುವ ಸ್ಥಿತಿಯಲ್ಲೂ ಇರಲಿಲ್ಲ.

ಈಗ ನನ್ನ ಘನಕಾರ್ಯ ಕೇಳಿ. ನಾಮಕರಣದ ಹಿಂದಿನ ದಿನ, ಶನಿವಾರ ಮಧ್ಯಾಹ್ನ ಚಂದ್ರಶೇಖರ ಸಾಮಾನು ತರಲು ಹೋದಾಗ, ಕೂತು ಇಪ್ಪತ್ತೊಂದು ಚೀಟಿ ಬರೆದೆ. ಎಲ್ಲದರಲ್ಲೂ ಪುಟ್ಟತಾಯಿ. ಬೇರೆ ಬೇರೆ ಕೈಬರಹ ಕಾಣಲಿ ಎಂದು ಆರು ಚೀಟಿ ಎಡಗೈಯಲ್ಲಿ, ನಾಲ್ಕು ಪೆನ್ಸಿಲ್ಲಿನಲ್ಲಿ, ಎರಡು ಇಂಗ್ಲಿಷ್ ಅಕ್ಷರದಲ್ಲಿ. ಎಂಟನೇ ಕ್ಲಾಸಿನಲ್ಲೂ ಕಾಪಿ ಹೊಡೆದವಳಲ್ಲ ನಾನು. ಐವತ್ತಾರರಲ್ಲಿ ಆ ಶಾಸ್ತ್ರವೂ ಆಯಿತು.

ಭಾನುವಾರ ಚೀಟಿ ಡಬ್ಬಿಯ ಉಸ್ತುವಾರಿ ನನ್ನದೇ. ಎಲ್ಲರೂ ಹಾಕಿದ ಮೇಲೆ ‘ಅಕ್ಕಿ ತಟ್ಟೆ ರೆಡಿ ಮಾಡ್ತೀನಿ’ ಎಂದು ಹಾಲ್‌ನ ಅಡುಗೆಮನೆಗೆ ಹೋದೆ. ಡಬ್ಬಿಯ ಚೀಟಿಗಳನ್ನು ಮುಷ್ಟಿಯಲ್ಲಿ ಹಿಡಿದೆ, ಮೊದಲೇ ತಟ್ಟೆಯ ಅಡಿಯಲ್ಲಿ ಬಚ್ಚಿಟ್ಟಿದ್ದ ನನ್ನವನ್ನು ಅಕ್ಕಿಯ ಮೇಲೆ ಹರಡಿದೆ. ನಿಜವಾದ ಚೀಟಿ ಬಿಚ್ಚಿ ನೋಡಲಿಲ್ಲ. ನೋಡುವುದೇನು, ಬಾಳವ್ವ, ಬಾಳವ್ವ, ಬಾಳವ್ವ ಎಂದೇ ಇರುತ್ತದೆ, ಸೋತದ್ದನ್ನು ಎಣಿಸಿ ನೋಡುವ ಶಕ್ತಿ ಇರಲಿಲ್ಲ. ಅವನ್ನು ಎಲ್ಲಿ ಬಿಸಾಡುವುದು? ಕಸದ ಚೀಲ ಒಳಗಿದ್ದದ್ದೆಲ್ಲ ಕಾಣುವಂಥದ್ದು. ನನ್ನ ಸೀರೆಗೆ ಜೇಬಿಲ್ಲ, ಬ್ಯಾಗು ಹೊರಗೆ. ಬಾಗಿಲ ಕಡೆ ಹೆಜ್ಜೆ ಸಪ್ಪಳ. ಕಟ್ಟೆಯ ಮೇಲೆ ಕುರಿ ಅಂಗಾತ ಮಲಗಿತ್ತು. ಪೆರೇಡಿನಲ್ಲಿ ಎತ್ತಿ ಹಿಡಿಯಲು ಕೋಲು ಕೂರಿಸಬೇಕೆಂದು ಅದರ ಹೊಟ್ಟೆಯ ಕೆಳಗೆ ಶರ್ಮಿಳಾ ನಾಲ್ಕು ಬೆರಳಷ್ಟು ಹೊಲಿಗೆ ಬಿಟ್ಟಿದ್ದಳು. ಮುಷ್ಟಿಯನ್ನು ಅಲ್ಲೇ ತೂರಿಸಿ, ಹತ್ತಿಯ ನಡುವೆ ಚೀಟಿಗಳನ್ನು ತುರುಕಿ, ಕುರಿಯನ್ನು ಎದೆಗವಚಿಕೊಂಡು ಹೊರಗೆ ಬಂದೆ. ‘ನೋಡ್ರೋ, ಅತ್ತೆಗೆ ಎಷ್ಟ್ ಪ್ರೀತಿ’ ಎಂದ ದಿಲೀಪ.

ಅನನ್ಯಾ ಕಣ್ಣು ಮುಚ್ಚಿ ಒಂದು ಚೀಟಿ ಎತ್ತಿದಳು. ‘ಪುಟ್ಟತಾಯಿ!’ ಎಂದು ಓದಿದಾಗ ಹಾಲ್‌ನಲ್ಲಿ ಎದ್ದ ಚಪ್ಪಾಳೆ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. ಆಗಲಾದರೂ ನನಗೆ ಹೊಳೆಯಬೇಕಿತ್ತು. ಬಟ್ಟೆ ಒಗೆಯಲು ಹಾಕುವ ಪ್ಲಾಸ್ಟಿಕ್ ಬುಟ್ಟಿಗೆ ರೇಷ್ಮೆ ಸೀರೆ ಸುತ್ತಿ ತೊಟ್ಟಿಲು ಮಾಡಿದ್ದರು. ನಾನು ಬಗ್ಗಿ, ಅರಿಶಿನದ ಕಲೆಯ ಆ ಕಿವಿಯನ್ನೇ ಹಿಡಿದು ‘ಕುರ್ರ್... ಪುಟ್ಟತಾಯಿ’ ಎಂದೆ. ಎನ್ನುತ್ತಿದ್ದಂತೆ ಬೆನ್ನ ಮೇಲೆ ದಬಾರ್ ಎಂದು ಒಂದು ಗುದ್ದು ಬಿತ್ತು!

‘ಅಯ್ಯಯ್ಯಪ್ಪಾ! ಯಾರೋ ಅದು?’

ಯಾರು ಎಂದರೆ ಎಲ್ಲರೂ. ಉತ್ತರ ಕರ್ನಾಟಕದ ಕಡೆ ಪದ್ಧತಿಯೇ ಹಾಗಂತೆ. ಅತ್ತೆ ಕಿವಿಯಲ್ಲಿ ಹೆಸರು ಹೇಳುವಾಗ ಸೇರಿದವರು ಅವಳ ಬೆನ್ನಿಗೆ ಗುದ್ದಬೇಕಂತೆ. ಶರ್ಮಿಳಾ ಅವತ್ತು ಹೇಳಲು ಬಂದದ್ದು ಇದನ್ನೇ, ನಾನು ಕೇಳಿದ್ದರೆ ತಾನೇ? ಮಕ್ಕಳಿಗೆ ಹಬ್ಬವೋ ಹಬ್ಬ. ದಿಲೀಪ ಗುದ್ದಿದ, ನಮ್ಮ ಯಜಮಾನರು ಇಪ್ಪತ್ತೊಂಬತ್ತು ವರ್ಷದ ಸಂಸಾರದ ಸೇಡು ತೀರಿಸಿಕೊಂಡರು. ಪ್ರತಿ ಗುದ್ದಿಗೂ ನನಗೆ ‘ಕಳ್ಳಿ, ಕಳ್ಳಿ’ ಎಂದೇ ಕೇಳಿಸುತ್ತಿತ್ತು. ಕೊನೆಗೆ ಶರ್ಮಿಳಾ ಬಂದಳು. ಅವಳು ಗುದ್ದಲಿಲ್ಲ. ಬೆನ್ನ ಮೇಲೆ ಮೆತ್ತಗೆ ಕೈಯಿಟ್ಟು ‘ಸಾಕ್ರೀ, ಅಕ್ಕಾರಿಗೆ ನೋವಾದೀತು’ ಎಂದಳು. ಮುದುಕಿಯ ಬೆನ್ನೆಂದು ಕನಿಕರ ತೋರಿಸುತ್ತಿದ್ದಾಳೆ ಎಂದು ನನಗೆ ಇನ್ನಷ್ಟು ಉರಿಯಿತು.

ಬೆನ್ನು ಸವರಿಕೊಂಡು ತಲೆಯೆತ್ತುವಷ್ಟರಲ್ಲಿ ಅಕ್ಕಿ ತಟ್ಟೆ ಅವಳ ಕೈಯಲ್ಲಿತ್ತು, ಉಳಿದ ಚೀಟಿಗಳ ಸಮೇತ. ‘ಈ ಅಕ್ಕಿ ನಾ ಒಯ್ತೀನ್ರಿ, ಬರೂ ವಾರ ಪಾಯಸ ಮಾಡ್ಕೊಂಡ್ ಬರ್ತೀನಿ. ಪುಟ್ಟತಾಯಿಗೂ ಮನ್ಯಾಗ ಕೂತು ಕೋಲು ಕೂರಿಸ್ತೀನಿ’ ಎಂದಳು. ತಟ್ಟೆಯಲ್ಲಿ ನನ್ನ ಸುಳ್ಳು ಚೀಟಿ, ಕುರಿಯ ಹೊಟ್ಟೆಯಲ್ಲಿ ನಿಜದ ಚೀಟಿ, ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡು ಲುವಾಸ್ ಟ್ರಾಮ್ ಹತ್ತಿ ಹೋದಳು ಮಹಾರಾಯ್ತಿ.

ಆ ವಾರ ನಾನು ಪಟ್ಟ ಪಾಡು ನಾಯಿಗೂ ಬೇಡ. ಫೋನ್ ಬಂದರೆ ಚಂದ್ರಶೇಖರರ ಕೈಗೆ ಕೊಡುತ್ತಿದ್ದೆ. ಬಳಗದ ಗ್ರೂಪಿನಲ್ಲಿ ಅವಳ ಹೆಸರು ಕಂಡರೆ ಫೋನನ್ನು ಬೋರಲು ಹಾಕುತ್ತಿದ್ದೆ. ಮುಂದಿನ ಭಾನುವಾರ ಅವಳು ಪಾಯಸ ತಂದಳು, ನನಗೆ ಗೋಡಂಬಿ ಹೆಚ್ಚು ಹಾಕಿ ಬಡಿಸಿದಳು, ಚೀಟಿಯ ಮಾತೇ ಎತ್ತಲಿಲ್ಲ. ಚೀಟಿ ನೋಡಿಲ್ಲ, ಹಾಗೇ ಎಸೆದಿದ್ದಾಳೆ ಎಂದು ನಿರಾಳವಾದೆ. ಪೆರೇಡಿನ ದಿನ ಮಳೆ ಜಿನುಗುತ್ತಿತ್ತು. ಮಕ್ಕಳು ‘ಪುಟ್ಟತಾಯಿ! ಪುಟ್ಟತಾಯಿ!’ ಎಂದು ಕೂಗಿದರು, ದಾರಿಬದಿಯ ಐರಿಷ್ ಮುದುಕಿಯರೂ ನಾಲಿಗೆ ಹೊರಳದಿದ್ದರೂ ಕೂಗಿದರು. ಕೋಲು ಹಿಡಿದು ಮುಂದೆ ನಡೆದವಳು ನಾನು. ನನ್ನ ಬದುಕಿನಲ್ಲಿ ಅಂಥ ದಿನ ಬಂದಿರಲಿಲ್ಲ. ಆದರೂ ಅಜ್ಜಿಯ ಹೆಸರನ್ನು ಕದ್ದು ತಂದೆನಲ್ಲ ಎಂಬ ಮುಳ್ಳು ಅವತ್ತಿನಿಂದ ಚುಚ್ಚುತ್ತಲೇ ಇತ್ತು.

ಮತ್ತೆ ಜುಲೈ ಬಂತು. ಅವಳಿಗೆ ಪುನಃ ಕಾರ್ಕ್‌ಗೆ ಆಯಿತು. ಸುದ್ದಿ ಕೇಳಿದಾಗ ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ನಿನ್ನೆ ಸಂಜೆ ಆರಕ್ಕೆ ಕುರಿಯನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು.

‘ಕೂಸು ಅತ್ತಿ ಮನ್ಯಾಗ ಇರ್ಲಿ ಅಕ್ಕಾರ. ಹೊಟ್ಟಿ ಕೆಳಗ ಹೊಲಿಗಿ ಒಂಚೂರು ಬಿಚ್ಚೈತಿ. ನೀವ ಒಂದ್ ನಾಕ್ ಹೊಲಿಗಿ ಹಾಕ್ರಿ.’

‘ಕಾಫಿ ಕುಡ್ಕೊಂಡು ಹೋಗಮ್ಮ.’

‘ಪ್ಯಾಕಿಂಗ್ ಅದ ರೀ’ ಎಂದು ನಕ್ಕು ಹೊರಟಳು.

ಸೂಜಿ ದಾರ ತಂದು ಕೂತೆ. ಹತ್ತಿ ಒಳಗೆ ತಳ್ಳುವಾಗ ಬೆರಳಿಗೆ ಕಾಗದ ತಾಗಿತು. ಎಳೆದರೆ ಎರಡು ಕಟ್ಟು. ಎರಡನ್ನೂ ಕೌದಿ ಹೊಲಿದ ಅದೇ ಕೆಂಪು ದಾರದಿಂದ ಕಟ್ಟಿದ್ದಳು. ಒಂದರಲ್ಲಿ ನನ್ನ ಎಡಗೈ, ನನ್ನ ಪೆನ್ಸಿಲ್ಲು, ನನ್ನ ಇಪ್ಪತ್ತು ಕಳ್ಳ ಚೀಟಿಗಳು. ಇನ್ನೊಂದರಲ್ಲಿ ನಾನು ಬಿಚ್ಚಿ ನೋಡದೆ ತುರುಕಿದ್ದ ನಿಜದ ಇಪ್ಪತ್ತೊಂದು. ಒಂದೊಂದನ್ನೇ ಬಿಚ್ಚಿ ಮೇಜಿನ ಮೇಲೆ ಇಟ್ಟೆ.

ಶಾನಪ್ಪ, ಮೂರು. ಬಾಳವ್ವ, ನಾಲ್ಕು. ಪುಟ್ಟತಾಯಿ, ಹದಿನಾಲ್ಕು.

ಅದರಲ್ಲಿ ನನ್ನದು ಒಂದು. ಮಿಕ್ಕ ಹದಿಮೂರು ನನ್ನವಲ್ಲ. ದಿಲೀಪನ ದಪ್ಪ ಅಕ್ಷರ ಇತ್ತು. ಕನ್ನಡ ಬರೆಯಲು ಬಾರದ ಅನನ್ಯಾ ಯಾರನ್ನೋ ಕೇಳಿ, ಅಕ್ಷರವನ್ನು ಚಿತ್ರ ಬಿಡಿಸಿದ ಹಾಗೆ ಬಿಡಿಸಿದ್ದಳು. ಔಷಧಿ ಚೀಟಿಯ ಹಾಗೆ ಗೀಚಿದ ಒಂದರ ಕೆಳಗೆ ಎರಡು ಗೆರೆ ಎಳೆದಿತ್ತು: ‘ಪುಟ್ಟತಾಯಿ. ವನಜಕ್ಕನ ಅಜ್ಜಿ.’ ಅದು ಯಾರ ಕೈಬರಹ ಎಂದು ಬೇರೆ ಹೇಳಬೇಕಾಗಿಲ್ಲ. ಬಾಳವ್ವ ಎಂದು ದುಂಡಗೆ, ಮುತ್ತು ಪೋಣಿಸಿದಂತೆ ಬರೆದ ಮಹಾನುಭಾವರು ಪಕ್ಕದ ಕೋಣೆಯಲ್ಲಿ ನ್ಯೂಸ್ ನೋಡುತ್ತಿದ್ದರು. ಚೀಟಿ ಹಿಡಿದು ಅವರ ಮುಂದೆ ನಿಂತೆ.

‘ಅಲ್ಲ ಕಣೇ, ನಿಂದು ಹೇಗೂ ಬರುತ್ತೆ ಅಂತ ಎಲ್ರಿಗೂ ಗೊತ್ತಿತ್ತಲ್ಲ. ಆ ಹುಡುಗೀಗೆ ಬೇಜಾರಾಗ್ಬಾರ್ದು ಅಂತ ಬರ್ದೆ’ ಎಂದರು.

ಎಲ್ಲರಿಗೂ ಗೊತ್ತಿತ್ತಂತೆ. ನನಗೊಬ್ಬಳಿಗೇ ಗೊತ್ತಿರಲಿಲ್ಲ. ಕೊಡಲೆಂದು ಕೈಚಾಚಿದವರ ಕೈಯಿಂದ ಕದ್ದುಕೊಂಡು ಬಂದೆ ನಾನು. ಕುರಿಯನ್ನು ಮಡಿಲಲ್ಲಿ ಹಾಕಿಕೊಂಡು ಬಹಳ ಹೊತ್ತು ಅತ್ತೆ. ಈ ಸಲ ನಲ್ಲಿ ಬಿಡಲಿಲ್ಲ.

ಇದಿಷ್ಟು ಶರ್ಮಿಳಾಳ ಪರಿಚಯ. ನಾಲ್ಕು ತಿಂಗಳು ಎಲ್ಲ ತಿಳಿದೂ ಬಾಯಿ ಬಿಡಲಿಲ್ಲ ಅವಳು. ಇಡೀ ಬಳಗದ ಮುಂದೆ ನನ್ನನ್ನು ಬೆತ್ತಲೆ ನಿಲ್ಲಿಸಬಹುದಿತ್ತು, ಪಾಯಸದಲ್ಲಿ ಗೋಡಂಬಿ ಹೆಚ್ಚು ಹಾಕಿದಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಅದೇ ಸಂಜೆ ಬಳಗದ ಎಲ್ಲ ಮನೆಗೂ ಫೋನ್ ಮಾಡುತ್ತಿದ್ದೆ. ಕಂಠಕ್ಕೆ ಪಟ್ಟ ಹೊಟ್ಟೆಕಿಚ್ಚು ಆರಿದರೂ ಆರೀತು, ಅವಳ ಈ ಮನಸ್ಸಿಗೆ ಪಡುತ್ತಿರುವುದು ಮಾತ್ರ ಸಾಯುವ ತನಕ ಇರುತ್ತದೆ.

ಭಾನುವಾರ ಇದನ್ನು ಎಲ್ಲರ ಮುಂದೆ ನಾನೇ ಓದುತ್ತೇನೆ, ಎರಡು ಕಟ್ಟನ್ನೂ ಮೇಜಿನ ಮೇಲೆ ಇಟ್ಟುಕೊಂಡು. ಶರ್ಮಿಳಾ, ಅವತ್ತು ಎಲ್ಲರೂ ಗುದ್ದಿದರು, ನೀನೊಬ್ಬಳು ಗುದ್ದಲಿಲ್ಲ. ಓದಿ ಮುಗಿಸಿ ಬಗ್ಗಿ ನಿಲ್ಲುತ್ತೇನೆ. ಬಂದು ಗುದ್ದು ತಾಯಿ, ಜೋರಾಗಿ ಗುದ್ದು.